ಆನೆ ಅರ್ಜಿ, ಮಗಳ ಅರ್ಜಿ

ನಮ್ಮ ಲೊಕ್ಕನಹಳ್ಳಿಯಲ್ಲಿ ಕಾಡಾನೆ ಹೊಲಕ್ಕೆ ಇಳಿದರೆ ಜನ ಮೊದಲು ಪಟಾಕಿ ಹಚ್ಚುತ್ತಾರೆ, ಬೆಳಗಾದ ಮೇಲೆ ಗೋವಿಂದಣ್ಣನ ಮನೆ ಬಾಗಿಲು ತಟ್ಟುತ್ತಾರೆ. ಪಟಾಕಿಗೆ ಆನೆ ಹೆದರುತ್ತದೋ ಇಲ್ಲವೋ ಹೇಳಲಾಗದು. ಆದರೆ ಗೋವಿಂದಣ್ಣ ಬರೆದ ಪರಿಹಾರದ ಅರ್ಜಿ ಓದಿದರೆ ಎಂಥ ಕಲ್ಲು ಮನಸ್ಸಿನ ಗುಮಾಸ್ತನೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳಬೇಕು. ಬೆಳೆ ಕಳೆದುಕೊಂಡವನಿಗೇ ಅಷ್ಟು ದುಃಖ ಆಗಿರುವುದಿಲ್ಲ, ಅವನ ಅರ್ಜಿಯಲ್ಲಿ ಅಷ್ಟು ದುಃಖ ತುಂಬಿರುತ್ತದೆ.

ನಾನು ಶಿವರತ್ನಮ್ಮ. ಗೋವಿಂದಣ್ಣನ ಪಕ್ಕದ ಮನೆಯವಳು, ಊರಿನ ಸ್ತ್ರೀಶಕ್ತಿ ಸಂಘದ ಕಾರ್ಯದರ್ಶಿ. ನನಗೆ ಬಾಯಿ ಸ್ವಲ್ಪ ಜಾಸ್ತಿ ಎಂದು ಊರವರು ಹೇಳುತ್ತಾರೆ. ಹೇಳಿಕೊಳ್ಳಲಿ. ಬಾಯಿ ಇಲ್ಲದಿದ್ದರೆ ಈ ಕಥೆಯನ್ನು ನಿಮಗೆ ಯಾರು ಹೇಳುತ್ತಿದ್ದರು?

ಗೋವಿಂದಣ್ಣನಿಗೆ ಒಬ್ಬಳೇ ಮಗಳು, ನಾಗಶ್ರೀ. ಕೊಳ್ಳೇಗಾಲದಲ್ಲಿ ಬಿ.ಕಾಂ. ಮುಗಿಸಿ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕಲಿತು ಮನೆಗೆ ಬಂದವಳು. ಬಂದಾಗಿನಿಂದ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇದ್ದಳು. ಅರ್ಜಿ ಹೋಗುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೋಗಿ ಅಲ್ಲೇ ಹಾಸ್ಟೆಲಿನಲ್ಲಿ ಇದ್ದು ದುಡಿಯುತ್ತಾರೆ. ದುಡಿದು ತಿನ್ನುವ ಯಾವ ಕೆಲಸವೂ ಕೀಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಈ ಹುಡುಗಿಗೆ ಬೇಕಾದದ್ದು ಲೆಕ್ಕದ ಕೆಲಸ. ಸಂಜೆ ಬಸ್ಸಿಗೆ ಮನೆಗೆ ಬಂದು ಅವ್ವನ ಕೈ ಮುದ್ದೆ ಉಣ್ಣಬೇಕು, ಅಷ್ಟೇ ಅವಳ ಆಸೆ. ದೀಪಾವಳಿಯೊಳಗೆ ಏನೂ ಸಿಗದಿದ್ದರೆ ಅವಳೂ ತಿರುಪ್ಪೂರಿಗೆ ಹೊರಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅವಳ ಅವ್ವ ಚಿಕ್ಕನಿಂಗಮ್ಮ ಅದನ್ನು ನೆನೆದು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವುದು ನಮಗೆಲ್ಲ ಅಭ್ಯಾಸವಾಗಿಹೋಗಿತ್ತು.

ಹೀಗಿರುವಾಗ ಒಂದು ದಿನ ನಾಗಶ್ರೀ ಫೋನು ಹಿಡಿದು ನಮ್ಮ ಮನೆಗೆ ಓಡಿ ಬಂದಳು.

"ಅತ್ತೆ, ನೋಡಿ ಇಲ್ಲಿ! ನಂಗೋಸ್ಕರನೇ ಬರ್ಸಿದಂಗ ಅದ!"

ಕೊಳ್ಳೇಗಾಲದ ಒಂದು ರೇಷ್ಮೆ ಸೀರೆ ಅಂಗಡಿಯವರು ವಾಟ್ಸಾಪಿನಲ್ಲಿ ಪ್ರಕಟಣೆ ಹಾಕಿದ್ದರು. ಕಚೇರಿ ಸಹಾಯಕಿ ಬೇಕು. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯಲು ಬರಬೇಕು. ಗಿರಾಕಿಗಳ ಜೊತೆ ಫೋನಿನಲ್ಲಿ ತಾಳ್ಮೆಯಿಂದ ಮಾತಾಡಬೇಕು. ತಮಿಳು ಗೊತ್ತಿದ್ದರೆ ಅನುಕೂಲ. ಬಯೋಡಾಟಾ ಜೊತೆಗೆ ಕವರಿಂಗ್ ಲೆಟರ್ ಇರಲಿ. ತಿಂಗಳ ಕೊನೆಯವರೆಗೆ ಅರ್ಜಿ ಕಳುಹಿಸಬಹುದು.

"ಕವರಿಂಗ್ ಲೆಟರ್ ಅಂದ್ರ ಏನವ್ವಾ?" ಎಂದೆ.

"ಬಯೋಡಾಟಾ ಜೊತೆಗ ಇಡೋ ಪತ್ರ ಅತ್ತೆ. ಈ ಕೆಲ್ಸಕ್ಕ ನಾನ್ಯಾಕ ಸರಿ ಓಯ್ತೀನಿ ಅಂತ ಅದ್ರಲ್ಲಿ ಬರೀಬೇಕು. ನಾನು ಇಷ್ಟ್ ದಿನ ಬರೀ ಬಯೋಡಾಟಾ ಕಳಿಸ್ಬುಡ್ತಿದ್ದೆ. ಪತ್ರ ಎಂಗ್ ಬರಿಯೋದು ಅಂತ ಗೊತ್ತಿಲ್ವಲ್ಲ."

ಅಷ್ಟು ಹೇಳುವುದೇ ತಡ, ಹೆಗಲ ಮೇಲಿನ ಟವಲು ಕೊಡವಿಕೊಂಡು ಗೋವಿಂದಣ್ಣ ಜಗಲಿ ಹತ್ತಿದ.

"ಗೊತ್ತಿಲ್ವಾ? ಅರ್ಜಿ ಬರಿಯಾಕ ಗೊತ್ತಿಲ್ಲ ಅಂತ ಗೋವಿಂದಯ್ಯನ ಮಗಳು ಏಳ್ಬೌದಾ? ನಾನೇನ್ ಸತ್ತೋಗಿದ್ದೀನಾ?"

"ಅಪ್ಪಾ, ಇದು ಬ್ಯಾರೆ ಥರದ್ದು."

"ಯಾವ ಥರದ್ದಾದ್ರೂ ಅರ್ಜಿ ಅರ್ಜಿನೇ ಕನವ್ವಾ. ಅಳೋ ಮಗೀಗೇ ಆಲು. ಓದ್ದೋನ ಒಟ್ಟೆ ಚುರುಕ್ ಅನ್ಬೇಕು. ನೀ ಸುಮ್ಕೆ ಬಯೋಡಾಟಾ ಕೊಡು, ಮಿಕ್ಕುದ್ದು ನಂಗ್ ಬುಡು."

ನಾಗಶ್ರೀ ನನ್ನ ಮುಖ ನೋಡಿದಳು. ಊರಿಗೆಲ್ಲ ಅರ್ಜಿ ಬರೆಯುವ ಅಪ್ಪನಿಗೆ ಬೇಡ ಎನ್ನಲು ಯಾವ ಮಗಳಿಗೆ ಬಾಯಿ ಬರುತ್ತದೆ? ಕೊಟ್ಟಳು. ಗೋವಿಂದಣ್ಣ ಒಂದು ಇಡೀ ದಿನ ಬಾಗಿಲು ಹಾಕಿಕೊಂಡು ಬರೆದ. ಊಟಕ್ಕೆ ಕರೆದರೂ ಏಳಲಿಲ್ಲ. ಮಾರನೆಯ ದಿನ ತಾನೇ ಹೋಗಿ, ದಪ್ಪ ಲಕೋಟೆಯಲ್ಲಿ ಹಾಕಿ, ರಿಜಿಸ್ಟರ್ ಮಾಡಿಸಿ ಬಂದ. ಮಗಳಿಗೆ ತೋರಿಸಲೂ ಇಲ್ಲ. ಮದ್ದು ಅರೆಯುವವನು ರೋಗಿಗೆ ತೋರಿಸಿ ಅರೆಯುತ್ತಾನಾ ಎಂದು ನಮ್ಮನ್ನೇ ಕೇಳಿದ.

ಮುಂದಿನ ವಾರ ಗೋವಿಂದಣ್ಣನ ಜಗಲಿಯ ಮೇಲೆ ನಮ್ಮ ಸಂಘದ ಸಭೆ. ಹೆಂಗಸರೆಲ್ಲ ಕೂತಿದ್ದೆವು. ನಾಗಶ್ರೀಯ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. "ಸ್ಪೀಕರ್‌ಗ ಆಕು, ಸ್ಪೀಕರ್‌ಗ ಆಕು" ಎಂದು ಗೋವಿಂದಣ್ಣ ಒಳಗಿನಿಂದ ಓಡಿ ಬಂದ.

"ನಾಗಶ್ರೀ ಅವರಾ? ನಾನು ಕೊಳ್ಳೇಗಾಲದಿಂದ ಮಲ್ಲಿಕಾರ್ಜುನಸ್ವಾಮಿ ಮಾತಾಡ್ತಿರೋದು. ಸೀರೆ ಅಂಗಡಿಯವನು."

ಹೆಂಗಸರೆಲ್ಲ ಫೋನಿನ ಕಡೆ ಬಗ್ಗಿದೆವು.

"ನಿಮ್ಮ ಅರ್ಜಿ ಬಂತಮ್ಮ. ಓದಿ ನಮ್ಮ ಅಂಗಡೀಲಿ ಎಲ್ಲರಿಗೂ ತುಂಬಾ ಬೇಜಾರಾಯ್ತು."

ಗೋವಿಂದಣ್ಣ ಮೀಸೆ ತಿರುವಿ ನಮ್ಮ ಕಡೆ ನೋಡಿದ. ನೋಡಿದಿರಾ ನನ್ನ ಕೈ ಗುಣ ಎನ್ನುವ ನೋಟ.

"ಆದ್ರೆ ಅಮ್ಮಾ, ಪರಿಹಾರ ನಾವು ಕೊಡೋಕೆ ಬರಲ್ಲ. ನಮ್ಮದು ಸೀರೆ ಅಂಗಡಿ. ಅರಣ್ಯ ಇಲಾಖೆಗೆ ಹೋಗಬೇಕಾದ್ದು ತಪ್ಪಿ ನಮಗೆ ಬಂದಿದೆ ಅನ್ಸುತ್ತೆ. ಫೋಟೋ ಪಹಣಿ ಎಲ್ಲ ನಿಮ್ಮ ವಿಳಾಸಕ್ಕೆ ವಾಪಸ್ ಕಳಿಸ್ತಿದ್ದೀನಿ. ಆನೆ ಕಡೆ ಹುಷಾರಾಗಿರಿ ಅಮ್ಮಾ."

ಫೋನು ನಿಂತಿತು. ಗೋವಿಂದಣ್ಣನ ಕೈ ಮೀಸೆಯ ಮೇಲೇ ಉಳಿಯಿತು.

"ಅಪ್ಪಾ," ಎಂದಳು ನಾಗಶ್ರೀ, "ಏನ್ ಬರ್ದಿದ್ದೆ?"

ಅವನು ಯಾವ ಅರ್ಜಿಯನ್ನೂ ಜೆರಾಕ್ಸ್ ತೆಗೆಸದೆ ಬಿಡುವವನಲ್ಲ. ಒಳಗಿನಿಂದ ಪ್ರತಿ ತಂದ. ನಾಗಶ್ರೀಗೆ ಓದುವ ಚೈತನ್ಯ ಇರಲಿಲ್ಲ, ನಾನೇ ತೆಗೆದುಕೊಂಡು ಗಟ್ಟಿಯಾಗಿ ಓದಿದೆ.

"ಮಾನ್ಯ ಮಾಲೀಕರ ದಿವ್ಯ ಸನ್ನಿಧಾನಕ್ಕೆ. ಲೊಕ್ಕನಹಳ್ಳಿ ವಾಸಿ ನಾಗಶ್ರೀ ಆದ ನಾನು ಬೇಡಿಕೊಳ್ಳುವ ಮನವಿ ಏನೆಂದರೆ, ನಾನು ಕಡುಬಡವಳಾಗಿದ್ದು, ದಿಕ್ಕಿಲ್ಲದವಳಾಗಿದ್ದು, ನಮ್ಮ ಜಮೀನು ಕಾಡಂಚಿನಲ್ಲಿದ್ದು, ಸದರಿ ಜಮೀನಿಗೆ ಕಾಡಾನೆಗಳು ಏಕಾಏಕಿ ನುಗ್ಗಿ ಮುಸುಕಿನ ಜೋಳವನ್ನು ತಿಂದು, ತಿಂದದ್ದಕ್ಕಿಂತ ಹೆಚ್ಚಾಗಿ ತುಳಿದು..."

"ದಿಕ್ಕಿಲ್ದೋಳಾ?" ಚಿಕ್ಕನಿಂಗಮ್ಮ ಎದ್ದು ನಿಂತಳು. "ಎತ್ತ ತಾಯಿ ನಾನು ಗುಂಡ್ಕಲ್ಲಿನಂಗ ಕೂತಿವ್ನಿ, ನನ್ ಮಗ್ಳು ದಿಕ್ಕಿಲ್ದೋಳಾ?"

"ಅದು ಅರ್ಜಿ ಭಾಷೆ ಕಣೆ."

"ನಿಮ್ ಭಾಷೆಗಿಷ್ಟ್ ಬೆಂಕಿ ಆಕ! ಮುಂದಕ್ ಓದಿ ಶಿವರತ್ನಮ್ಮ, ನಾನೂ ಸತ್ತೋಗಿದ್ದೀನಿ ಅಂತ ಬರ್ದವ್ರಾ ನೋಡನ."

ಹಾಗೆ ಬರೆದಿರಲಿಲ್ಲ, ಪುಣ್ಯಕ್ಕೆ. ಆದರೆ "ತಾಯಿಯು ಸದಾ ಕಣ್ಣೀರಿನಲ್ಲಿದ್ದು" ಎಂದಿತ್ತು. ಕೊನೆಯಲ್ಲಿ "ಆದಕಾರಣ ತಾವುಗಳು ಸ್ಥಳ ಪರಿಶೀಲನೆ ನಡೆಸಿ ನನಗೆ ಸದರಿ ಕೆಲಸವನ್ನು ಮಂಜೂರು ಮಾಡಬೇಕಾಗಿ ಬೇಡಿಕೆ" ಎಂದಿತ್ತು. ಕೆಳಗೆ ಸಾಕ್ಷಿಗಳ ರುಜು, ಪಂಚಾಯ್ತಿಯ ಮೊಹರು. ಪ್ರತಿಯನ್ನು ಮಾಹಿತಿಗಾಗಿ ಜಿಲ್ಲಾಧಿಕಾರಿಗಳಿಗೂ ತಹಶೀಲ್ದಾರರಿಗೂ ಕಳುಹಿಸಿದೆ ಎಂಬ ಬೆದರಿಕೆ. ಲಗತ್ತಿಸಿದ್ದು: ಪಹಣಿ, ಮತ್ತು ಬಿದ್ದ ಜೋಳದ ಮುಂದೆ ಗೋವಿಂದಣ್ಣ ಬೆರಳು ತೋರಿಸಿಕೊಂಡು ನಿಂತ ಫೋಟೋ. ಬಯೋಡಾಟಾ ಇಡುವುದನ್ನೇ ಮರೆತಿದ್ದ. ಇಡೀ ಅರ್ಜಿಯಲ್ಲಿ ಬಿ.ಕಾಂ. ಇಲ್ಲ, ಟ್ಯಾಲಿ ಇಲ್ಲ, ಹುಡುಗಿಯ ಒಂದು ಗುಣ ಇಲ್ಲ. ಆನೆಯ ಗುಣವೆಲ್ಲ ಇತ್ತು.

ಸಂಘದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ನಾನೂ ನಕ್ಕೆ, ಸುಳ್ಳೇಕೆ? ಆಮೇಲೆ ನಾಗಶ್ರೀಯ ಮುಖ ನೋಡಿ ನಗು ನಿಂತುಹೋಯಿತು. ಹುಡುಗಿ ಗೋಡೆಗೆ ಒರಗಿ ಬಿಕ್ಕುತ್ತಿದ್ದಳು.

"ಬುಡಿ ಅತ್ತೆ. ನನ್ ಅಣೇಲಿ ಇಷ್ಟೇ ಬರ್ದಿರೋದು. ತಿರುಪ್ಪೂರಿಗೇ ಓಯ್ತೀನಿ."

ನನಗೆ ಎಲ್ಲಿತ್ತೋ ಸಿಟ್ಟು. "ತಿಂಗಳು ಇನ್ನೂ ಮುಗುದಿಲ್ಲ ಕನವ್ವಾ. ಆ ಯಜಮಾನ್ರು ನಿನ್ನ ಬ್ಯಾಡ ಅಂದಿಲ್ಲ, ಆನೇನ ಬ್ಯಾಡ ಅಂದವ್ರೆ. ನಿನ್ ಜೊತೆ ಓದ್ದೋಳು ಆ ಬೆಟ್ಟದ ಉಡ್ಗಿ ಇದ್ದಳಲ್ಲ, ಅವಳ್ಗ ಫೋನ್ ಮಾಡು" ಎಂದೆ.

ಬೆಟ್ಟದ ಹುಡುಗಿ ಎಂದರೆ ಚೈತ್ರ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನವಳು, ಪೋಡು ಎಂದರೆ ಅವರ ಹಾಡಿ. ಓದುವಾಗ ಕೊಳ್ಳೇಗಾಲದ ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಕೋಣೆ. ಈಗ ಯಳಂದೂರಿನಲ್ಲಿ ಜೇನು, ನೆಲ್ಲಿಕಾಯಿ ಕೊಂಡು ಮಾರುವ ಒಂದು ಸಂಸ್ಥೆಯ ಕಚೇರಿಯಲ್ಲಿದ್ದಾಳೆ. ಅಲ್ಲಿಗೆ ಬರುವ ಕೆಲಸದ ಅರ್ಜಿಗಳನ್ನು ಮೊದಲು ಬಿಡಿಸಿ ಓದುವವಳು ಅವಳೇ. ಭಾನುವಾರ ಬಸ್ಸು ಹತ್ತಿ ಬಂದೇಬಿಟ್ಟಳು. ಕೈಯಲ್ಲಿ ಒಂದು ಬಾಟಲಿ ಜೇನುತುಪ್ಪ.

ಗೋವಿಂದಣ್ಣ ಜಗಲಿಯ ಆ ತುದಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ಚೈತ್ರ ಜೆರಾಕ್ಸ್ ಓದಿದಳು. ಓದುತ್ತಾ ಓದುತ್ತಾ ತುಟಿ ಕಚ್ಚಿದಳು. 'ತಿಂದದ್ದಕ್ಕಿಂತ ಹೆಚ್ಚಾಗಿ ತುಳಿದು' ಎನ್ನುವ ಕಡೆ ತಡೆಯಲಾಗದೆ ಕೆಮ್ಮಿದ ಹಾಗೆ ಮಾಡಿ ಒಳಗೆ ಹೋಗಿ ನೀರು ಕುಡಿದು ಬಂದಳು.

"ಅಪ್ಪಾಜಿ," ಎಂದಳು, "ಪರಿಹಾರದ ಅರ್ಜಿ ಬರಿಯಾಕ ನಿಮ್ಮ ಬುಟ್ರ ಈ ಸೀಮೇಲಿ ಇನ್ನೊಬ್ರಿಲ್ಲ. ನಮ್ ಪೋಡಿಗೂ ನಿಮ್ಮಂತೋರು ಒಬ್ರು ಬೇಕು."

ಗೋವಿಂದಣ್ಣನ ಮುಖದ ಊತ ಸ್ವಲ್ಪ ಇಳಿಯಿತು. "ಮತ್ಯಾಕವ್ವಾ ವಾಪಸ್ ಕಳ್ಸುದ್ರು?"

"ಪರಿಹಾರದ ಅರ್ಜೀಲಿ ಏನ್ ಬರೀತೀರ? ಏನ್ ಕಳ್ಕಂಡ್ವಿ ಅಂತ. ಕೆಲ್ಸದ ಪತ್ರದಲ್ಲಿ ನಮ್ಮತ್ರ ಏನದ ಅಂತ ಬರೀಬೇಕು. ಅವ್ರು ಕಷ್ಟ ಯಾರ್ಗ ಜಾಸ್ತಿ ಅಂತ ನೋಡಾದಿಲ್ಲ ಅಪ್ಪಾಜಿ. ತಮ್ ಕೆಲ್ಸ ಯಾರ ಕೈಲಿ ಆಯ್ತದ ಅಂತ ನೋಡ್ತರ."

"ಅಂದ್ರ ಬಡತನ ಬರೀಬಾರ್ದಾ?"

"ನೀವು ಎತ್ತು ಕೊಳ್ಳಾಕ ಓದ್ರ, ಮಾರೋನು 'ನಾನು ಬಡವ, ಅದ್ಕ ಈ ಎತ್ತು ತಕಳಿ' ಅಂದ್ರ ತಕತ್ತೀರಾ?"

"ಉಂಟಾ! ಬಾಯಿ ಬುಡ್ಸಿ ಅಲ್ಲು ನೋಡ್ತೀನಿ, ನಡಿಗೆ ನೋಡ್ತೀನಿ, ಗೇಯ್ಮೆಗ ಬತ್ತದಾ ಅಂತ ಕೇಳ್ತೀನಿ."

"ಅವ್ರೂ ಅದ್ನೇ ಕೇಳ್ತಿರೋದು."

ಗೋವಿಂದಣ್ಣ ತಲೆ ಕೆರೆದುಕೊಂಡ. "ನನ್ ಮಗ್ಳೇನ್ ಎತ್ತಾ?" ಎಂದು ಗೊಣಗಿದ. ಆದರೆ ಜಗಲಿಯ ಆ ತುದಿಯಿಂದ ಈ ತುದಿಗೆ ಜರುಗಿ ಕೂತ. ಅಷ್ಟರಲ್ಲಿ ಚಿಕ್ಕನಿಂಗಮ್ಮ ಕಾಫಿ ತಂದಳು. ಅವಳದು ಬೇರೆ ಅನುಮಾನ.

"ಕಾಗ್ದ ನೋಡಿ ಯಾರವ್ವಾ ಕೆಲ್ಸ ಕೊಡ್ತರ? ದೊಡ್ಡೋರು ಯಾರಾದ್ರೂ ಒಂದ್ ಮಾತ್ ಏಳ್ಬೇಕು."

"ಕಾಗ್ದ ನೋಡಿ ಕೆಲ್ಸ ಕೊಡಲ್ಲ ಅವ್ವಾ. ಕಾಗ್ದ ನೋಡಿ ಕರೀತರ. ಬಾಗ್ಲು ತೆಗಿಯೋದಷ್ಟೇ ಪತ್ರದ ಕೆಲ್ಸ. ಒಳಕ್ ಓಗಿ ಮಾತಾಡೋದು ಇವಳ ಕೆಲ್ಸ. ನಮ್ಮಾಪೀಸಿಗೆ ಒಂದ್ ಕೆಲ್ಸಕ್ಕ ಕಂತೆಗಟ್ಲೆ ಪತ್ರ ಬತ್ತವೆ. ಎಲ್ಲಾವೂ ಒಂದೇ ಥರ. ಎಸ್ರು ಅಳಿಸುದ್ರ ಯಾರ್ದು ಅಂತ ಗೊತ್ತಾಗಲ್ಲ. ಒಬ್ಬ ಮಾರಾಯ ನಮ್ ಜೇನಿನ ಆಪೀಸಿಗೆ 'ನಿಮ್ಮ ಸಿಮೆಂಟ್ ಕಂಪನಿಯಲ್ಲಿ ದುಡಿಯುವುದು ನನ್ನ ಬಾಲ್ಯದ ಕನಸು' ಅಂತ ಬರ್ದಿದ್ದ. ಎಲ್ರಿಗೂ ಒಂದೇ ಪತ್ರ ಜೆರಾಕ್ಸ್ ಮಾಡಿ ಕಳ್ಸುದ್ರ ಇಂಗಾಯ್ತದ."

ಗೋವಿಂದಣ್ಣ ಮೆಲ್ಲಗೆ ಕೈಯಲ್ಲಿದ್ದ ಜೆರಾಕ್ಸುಗಳ ಕಟ್ಟನ್ನು ತೊಡೆಯ ಕೆಳಗೆ ತಳ್ಳಿದ. ಉಳಿದ ಕಂಪನಿಗಳಿಗೆಂದು ಕಂಪನಿಯ ಹೆಸರಿನ ಜಾಗ ಖಾಲಿ ಬಿಟ್ಟು ಮಾಡಿಸಿಟ್ಟಿದ್ದನಂತೆ. ನಾನು ಕಂಡೂ ಕಾಣದವಳ ಹಾಗೆ ಇದ್ದೆ.

ಚೈತ್ರ ಮೊದಲು ಪ್ರಕಟಣೆಯನ್ನು ತೆಗೆಸಿ ಗಟ್ಟಿಯಾಗಿ ಓದಿಸಿದಳು. "ಅವ್ರು ಕೇಳಿರೋದು ಏನು? ಲೆಕ್ಕ, ತಾಳ್ಮೆ, ತಮಿಳು. ಈ ಮೂರುಕ್ಕೂ ನಿನ್ನತ್ರ ಏನದ, ಏಳು."

"ಲೆಕ್ಕ ಬತ್ತದ. ಟ್ಯಾಲಿ ಕಲ್ತಿವ್ನಿ."

"ಕಲ್ತಿರೋದು ಸರಿ. ಮಾಡಿರೋದು?"

"ಮಾಡಿರೋದು ಏನೂ ಇಲ್ಲ. ಕೆಲ್ಸವೇ ಸಿಕ್ಕಿಲ್ವಲ್ಲ."

ನಾನು ಸುಮ್ಮನಿರಲಾರದೆ ಹೋದೆ. "ಏನೂ ಇಲ್ವಾ? ನಮ್ ಸಂಘದ ಉಳಿತಾಯ, ಸಾಲ, ಬಡ್ಡಿ, ಎಲ್ಲನೂ ಕಂಪ್ಯೂಟರ್‌ಗ ಏರ್ಸಿ ಕೊಟ್ಟೋಳು ಯಾರು? ಆಡಿಟ್‌ನೋರು ಬಂದು ನೋಡಿ, ಒಂದೂ ತಪ್ಪಿಲ್ಲ ಅಂತ ಏಳಿ ಓದ್ರಲ್ಲ!"

"ಅದು ಮನೆ ಕೆಲ್ಸ ಇದ್ದಂಗೆ ಅಲ್ವಾ ಅತ್ತೆ?"

"ಅದೇ ಕಣೆ ಬರಿಯೋದು!" ಚೈತ್ರ ತೊಡೆ ತಟ್ಟಿದಳು. "ಸಂಬಳ ಇಲ್ದೆ ಮಾಡುದ್ರೂ ಕೆಲ್ಸ ಕೆಲ್ಸನೇ. ಮುಂದಕ್ಕ. ತಾಳ್ಮೆ?"

ಈಗ ಚಿಕ್ಕನಿಂಗಮ್ಮನಿಗೂ ಹುರುಪು ಬಂತು. ನಮ್ಮ ಹಾಲಿನ ಡೈರಿಯಲ್ಲಿ ದಿನ ಬೆಳಗಾದರೆ ಜಗಳ ಆಗುತ್ತಿತ್ತು. ನನ್ನ ಹಾಲಿಗೆ ಫ್ಯಾಟ್ ಕಡಿಮೆ ತೋರಿಸಿದೆ, ಅವಳ ನೀರು ಹಾಲಿಗೆ ಜಾಸ್ತಿ ತೋರಿಸಿದೆ ಎಂದು ಕ್ಯಾನು ಕ್ಯಾನು ಬಡಿದಾಡುವಷ್ಟು. ಡೈರಿಯವರು ನಾಗಶ್ರೀಯನ್ನು ಬೆಳಿಗ್ಗೆ ಹೊತ್ತು ಸಹಾಯಕ್ಕೆ ಕರೆದರು. ಅವಳು ಪ್ರತಿಯೊಬ್ಬರಿಗೂ ಮಿಷನ್ ತೋರಿಸಿದ ಅಂಕಿಯನ್ನು ಅವರ ಕಣ್ಣೆದುರೇ ಓದಿ ಹೇಳಿ, ಮೆಸೇಜ್ ಮಾಡಿ, ಅನುಮಾನ ಅಂದವರ ಹಾಲನ್ನು ಬೇಸರಿಸದೆ ಇನ್ನೊಂದು ಸಲ ಅಳೆದು ತೋರಿಸಿದಳು. ಜಗಳ ನಿಂತಿತು. ಕೆಲವರಿಗಂತೂ ಬೆಳಗಿನ ಹೊತ್ತು ಮಾಡಲು ಏನೂ ಇಲ್ಲದೆ ಬೇಜಾರು ಹಿಡಿಯಿತು.

ಚಿಕ್ಕನಿಂಗಮ್ಮ ಇದನ್ನೆಲ್ಲ ಹೇಳಿದಾಗ ಗೋವಿಂದಣ್ಣ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ.

"ಇನ್ನ ತಮಿಳು?" ಎಂದಳು ಚೈತ್ರ.

"ತಮಿಳ ಯಾಕ್ ಬರೀಬೇಕು?" ಗೋವಿಂದಣ್ಣ ನಡುವೆ ಬಾಯಿ ಹಾಕಿದ. "ಇವಳವ್ವ ಮಾರ್ಟಳ್ಳಿಯೋಳು. ಅಲ್ಲಿ ಕೋಳಿನೂ ತಮಿಳಲ್ಲೇ ಕೂಗ್ತದ. ಅದೇನ್ ದೊಡ್ ವಿದ್ಯೆನಾ?"

ಚಿಕ್ಕನಿಂಗಮ್ಮ ಗಂಡನ ಕಡೆ ನೋಡಿದ ನೋಟಕ್ಕೆ ಕಾಫಿಯ ಮೇಲೆ ಕೆನೆ ಕಟ್ಟಿತು.

"ಇತ್ತಲ ಗಿಡ ಮದ್ದಲ್ಲ ಅಂತ ಇದುಕ್ಕೇ ಏಳೋದು ಅಪ್ಪಾಜಿ," ಎಂದಳು ಚೈತ್ರ. "ಸೀರೆ ಕೊಳ್ಳೋರು ಈರೋಡು, ಸತ್ಯಮಂಗಲದಿಂದ ಫೋನ್ ಮಾಡ್ತರ. ಅದ್ಕೇ ಅವ್ರು ತಮಿಳು ಕೇಳವ್ರೆ. ಬರಿಯೇ ನಾಗು."

ನಾಗಶ್ರೀ ಬರೆಯಲು ಕೂತಳು. ಗೋವಿಂದಣ್ಣ ಪಕ್ಕದಲ್ಲೇ ಕೂತು ಚೌಕಾಸಿಗೆ ಇಳಿದ.

"ಐದ್ ವರ್ಷ ಅನುಭವ ಅದ ಅಂತ ಆಕ್ಲಿ."

"ಐದ್ ವರ್ಷದ ಇಂದೆ ಇವಳು ಪರೀಕ್ಷೆ ಬರೀತಿದ್ಲು ಅಪ್ಪಾಜಿ. ಒಂದ್ ಸುಳ್ಳು ಸಿಕ್ಕಾಕಂಡ್ರ ಆಮೇಲೆ ನಿಜನೂ ಯಾರೂ ನಂಬಲ್ಲ."

"ಪಂಚಾಯ್ತಿ ಮೊಹರು?"

"ಬ್ಯಾಡ."

"ಡೀಸಿ ಸಾಯೇಬ್ರುಗ ಒಂದ್ ಪ್ರತಿ?"

"ಅಪ್ಪಾಜಿ!"

"ಓಗ್ಲಿ, ಒಂದೇ ಒಂದ್ ಸಾಲು ಕಣ್ಣೀರು? ಕೊನೇಲಿ? ಸಣ್ಣುದ್ದು?"

"ಒಂದ್ ತೊಟ್ಟೂ ಬ್ಯಾಡ. 'ವಂದನೆಗಳೊಂದಿಗೆ' ಅಂತ ಬೇಕಾದ್ರ ಆಕಳಿ."

ಗೋವಿಂದಣ್ಣ ಅಷ್ಟಕ್ಕೇ ತೃಪ್ತಿಪಟ್ಟುಕೊಂಡ. ಒಂದೇ ಪುಟ, ಅದಕ್ಕಿಂತ ಜಾಸ್ತಿ ಓದಲು ಯಾರಿಗೂ ಪುರುಸೊತ್ತಿಲ್ಲ ಎಂದು ಚೈತ್ರ ಹೇಳಿದ್ದಳು. ನಾಗಶ್ರೀ ಬರೆದು, ಹೊಡೆದು, ಮತ್ತೆ ಬರೆದು, ಕೊನೆಗೆ ನಮ್ಮೆಲ್ಲರ ಮುಂದೆ ನಿಂತು ಓದಿದಳು. ಅವಳನ್ನು ಕೇಳಿಯೇ ಇಲ್ಲಿ ಹಾಕಿದ್ದೇನೆ.

"ಮಾನ್ಯ ಮಲ್ಲಿಕಾರ್ಜುನಸ್ವಾಮಿ ಅವರಿಗೆ. ನಿಮ್ಮ ಸೀರೆ ಅಂಗಡಿಯ ಕಚೇರಿ ಸಹಾಯಕಿ ಕೆಲಸಕ್ಕೆ ಈ ಅರ್ಜಿ. ಪ್ರಕಟಣೆಯನ್ನು ವಾಟ್ಸಾಪಿನಲ್ಲಿ ನೋಡಿದೆ. ನಾನು ಬಿ.ಕಾಂ. ಪದವೀಧರೆ, ಟ್ಯಾಲಿ ಕಲಿತಿದ್ದೇನೆ. ನಮ್ಮೂರ ಸ್ತ್ರೀಶಕ್ತಿ ಸಂಘದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದೇನೆ, ಲೆಕ್ಕ ಪರಿಶೋಧನೆಯಲ್ಲಿ ತಪ್ಪು ಬಂದಿಲ್ಲ. ಊರಿನ ಹಾಲಿನ ಡೈರಿಯಲ್ಲಿ ಬೆಳಗಿನ ಹೊತ್ತು ಸಹಾಯ ಮಾಡುತ್ತೇನೆ. ಅಳತೆಯ ಬಗ್ಗೆ ದಿನವೂ ತಕರಾರು ಬರುತ್ತಿತ್ತು. ಪ್ರತಿಯೊಬ್ಬರ ಅಳತೆಯನ್ನು ಅವರೆದುರೇ ಓದಿ ಹೇಳಿ, ಫೋನಿಗೂ ಕಳುಹಿಸಲು ಶುರು ಮಾಡಿದ ಮೇಲೆ ತಕರಾರು ನಿಂತಿತು. ಸಿಟ್ಟಾದವರ ಮಾತನ್ನು ಪೂರ್ತಿ ಕೇಳಿಸಿಕೊಂಡು ಉತ್ತರ ಕೊಡುವುದನ್ನು ನಾನು ಅಲ್ಲಿ ಕಲಿತೆ. ತಾಯಿಯ ಊರು ಮಾರ್ಟಳ್ಳಿ, ಆದ್ದರಿಂದ ತಮಿಳು ಸರಾಗವಾಗಿ ಮಾತಾಡುತ್ತೇನೆ, ಓದಲು ಬರುವುದಿಲ್ಲ. ಸೀರೆ ವ್ಯಾಪಾರ ನನಗೆ ಹೊಸದು, ಕಲಿಯುತ್ತೇನೆ. ನೀವು ಕರೆದ ದಿನ ಬಂದು ಭೇಟಿಯಾಗಲು ಸಿದ್ಧಳಿದ್ದೇನೆ. ವಂದನೆಗಳೊಂದಿಗೆ, ನಾಗಶ್ರೀ." ಕೆಳಗೆ ಫೋನ್ ನಂಬರು.

ಓದಿ ಮುಗಿಸಿದ ಮೇಲೆ ಗೋವಿಂದಣ್ಣ ಕೊಡು ಎಂದು ಕೈ ನೀಡಿದ. ಕನ್ನಡಕ ಹಾಕಿಕೊಂಡು ತಾನೇ ಇನ್ನೊಂದು ಸಲ ಓದಿದ.

"ನಿಂಗ ಇಷ್ಟೆಲ್ಲ ಬತ್ತದಾ ಮಗಾ?" ಎಂದ. "ಯಾವೊಲದಲ್ಲಿ ಯಾವ ಆನೆ ಯಾವ್ ಕಡೆಯಿಂದ ಬಂತು ಅಂತ ನಂಗ್ ಗೊತ್ತು. ನನ್ ಮನೇಲಿ ನೀನ್ ಏನ್ ಮಾಡ್ತಿದ್ದೀಯ ಅಂತ ನೋಡ್ನೇ ಇಲ್ವಲ್ಲ."

ಕನ್ನಡಕ ತೆಗೆದು ಟವಲಿನಲ್ಲಿ ಒರೆಸಿದ. ಚಿಕ್ಕನಿಂಗಮ್ಮ ಮಾತ್ರ "ಈಗ್ಲಾದ್ರೂ ನೋಡಿ" ಎಂದು ಲೋಟ ತೆಗೆದುಕೊಂಡು ಒಳಗೆ ಹೋದಳು.

ಕಳುಹಿಸುವಾಗ ಇನ್ನೊಂದು ಪೇಚಾಟ. ನಾಗಶ್ರೀಯ ಇಮೇಲ್ ವಿಳಾಸ ನೋಡಿ ಚೈತ್ರ ಹಣೆ ಚಚ್ಚಿಕೊಂಡಳು. ಪಿಯುಸಿಯಲ್ಲಿ ಮಾಡಿಕೊಂಡದ್ದಂತೆ, 'ಗುಲಾಬಿ ಚಿಟ್ಟೆ ನಾಗು'. "ಚಿಟ್ಟೆ ಕೈಗ ಯಾರೇ ಲೆಕ್ಕ ಕೊಡ್ತರ?" ಎಂದು ಬೈದು, ಸ್ವಂತ ಹೆಸರಿನಲ್ಲಿ ಹೊಸದು ಮಾಡಿಸಿದಳು. ಫೋನ್ ನಂಬರು ಸರಿಯಿದೆಯಾ ಎಂದು ಎರಡೆರಡು ಸಲ ನೋಡಿಸಿದಳು. ಕಳುಹಿಸಿಯಾಯಿತು.

ಆ ವಾರವೇ ಫೋನು ಬಂತು. ಅಂಗಡಿಗೆ ಬಂದು ಭೇಟಿಯಾಗಿ ಎಂದರು.

ನನಗೆ ಕೊಳ್ಳೇಗಾಲದಲ್ಲಿ ಸಂಘದ ಬ್ಯಾಂಕ್ ಕೆಲಸ ಇತ್ತು, ನಾನೂ ಜೊತೆಗೆ ಹೊರಟೆ. ನೀನು ಬರುವುದು ಬೇಡ ಎಂದು ನಾವು ಹೇಳಿದರೂ ಗೋವಿಂದಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ ನಿಲ್ದಾಣದಲ್ಲಿ ನಮಗಿಂತ ಮೊದಲೇ ನಿಂತಿದ್ದ. ಅಂಗಡಿಯಲ್ಲಿ ನಮ್ಮಿಬ್ಬರನ್ನು ಕುರ್ಚಿ ಹಾಕಿ ಕೂರಿಸಿದರು. ಯಜಮಾನರ ಮೇಜು ಅಲ್ಲೇ ಎದುರಿಗೆ. ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

ಮಲ್ಲಿಕಾರ್ಜುನಸ್ವಾಮಿ ಪತ್ರ ನೋಡಿದರು, ಹುಡುಗಿಯ ಮುಖ ನೋಡಿದರು, ಮತ್ತೆ ಪತ್ರ ನೋಡಿದರು.

"ಲೊಕ್ಕನಹಳ್ಳಿ... ನಾಗಶ್ರೀ... ಆ ಆನೆ ಅರ್ಜಿ ನಿಮ್ಮದೇ ಅಲ್ವೇನಮ್ಮ?"

ಹುಡುಗಿ ಅಲ್ಲ ಎಂದುಬಿಡಲಿ ಎಂದು ನಾನು ಮನಸ್ಸಿನಲ್ಲೇ ಮಾದಪ್ಪನಿಗೆ ಕೈ ಮುಗಿದೆ.

"ಹೌದು ಸಾ," ಎಂದಳು ನಾಗಶ್ರೀ. "ಅದು ನಮ್ಮಪ್ಪ ನನ್ನ ಮೇಲಿನ ಪ್ರೀತಿಗೆ ಬರೆದದ್ದು. ಇದು ನಾನು ಬರೆದದ್ದು."

ಯಜಮಾನರು ಏನೋ ಹೇಳಬೇಕೆನ್ನುವಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಎತ್ತಿದ ಅಂಗಡಿಯ ಕೆಲಸದ ಹುಡುಗ ಅರ್ಧ ನಿಮಿಷದಲ್ಲಿ ಬೆವೆತ. "ಅಣ್ಣಾ, ಈರೋಡಿನವ್ರು. ತಮಿಳಲ್ಲಿ ಬಯ್ತಾವ್ರೆ. ಏನಂತ ತಿಳೀತಿಲ್ಲ, ಬೈಗುಳ ಅಂತ ಮಾತ್ರ ಗೊತ್ತಾಯ್ತದೆ."

"ಮಾತಾಡ್ತೀರಾಮ್ಮಾ?" ಎಂದರು ಯಜಮಾನರು.

ನಾಗಶ್ರೀ ಫೋನು ತೆಗೆದುಕೊಂಡಳು. ಆ ಕಡೆಯ ಹೆಂಗಸು ಕೂಗುವುದು ನನ್ನ ಕುರ್ಚಿಗೂ ಕೇಳುತ್ತಿತ್ತು. ಹುಡುಗಿ ನಡುವೆ ಒಂದು ಮಾತೂ ಆಡಲಿಲ್ಲ. ಪೂರ್ತಿ ಕೇಳಿಸಿಕೊಂಡಳು. "ಸರಿಂಗಮ್ಮಾ, ಸರಿಂಗಮ್ಮಾ" ಎಂದಳು. ಆಮೇಲೆ ಮೆಲ್ಲಗೆ ಏನೋ ಕೇಳಿದಳು, ಚೀಟಿಯ ಮೇಲೆ ಬರೆದುಕೊಂಡಳು. ಆ ಕಡೆಯ ದನಿ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಕೇಳಿಸುವುದೇ ನಿಂತಿತು.

"ಸಾ, ಫೋಟೋದಲ್ಲಿ ನೋಡಿದ ಅಂಚಿನ ಬಣ್ಣ ಬೇರೆ, ಬಂದ ಸೀರೆ ಬಣ್ಣ ಬೇರೆ ಅಂತ ಅವರ ದೂರು. ಮದುವೆಗೆ ಇನ್ನೂ ಟೈಮ್ ಇದೆಯಂತೆ. ಹಗಲು ಬೆಳಕಲ್ಲಿ ಸೀರೆ ಫೋಟೋ ತೆಗೆದು ಕಳಿಸಿ, ಯಜಮಾನರಿಗೆ ತೋರಿಸಿ ಸಂಜೆ ಒಳಗೆ ಹೇಳ್ತೀವಿ ಅಂದಿದ್ದೀನಿ. ಬದಲಾಯಿಸಿ ಕೊಡ್ತೀವಿ ಅಂತ ನಾನು ಮಾತು ಕೊಟ್ಟಿಲ್ಲ, ಅದು ನೀವು ಹೇಳಬೇಕು."

ಮಲ್ಲಿಕಾರ್ಜುನಸ್ವಾಮಿ ಕುರ್ಚಿಗೆ ಒರಗಿದರು. "ಪತ್ರದಲ್ಲಿ ಬರೆದದ್ದೇ ಕಣ್ಣೆದುರು ಕಂಡ್ಹಾಗಾಯ್ತು. ಒಂದನೇ ತಾರೀಕಿನಿಂದ ಬಂದುಬಿಡಿ ಅಮ್ಮಾ." ಆಮೇಲೆ ನಮ್ಮ ಕಡೆ ತಿರುಗಿ ನಕ್ಕರು. "ಏನ್ ಯಜಮಾನ್ರೇ, ಈ ಅರ್ಜೀಲಿ ಆನೆ ಸುದ್ದೀನೇ ಇಲ್ವಲ್ಲ?"

ಗೋವಿಂದಣ್ಣ ಎದ್ದು ನಿಂತ. ಅರ್ಜಿಯಲ್ಲಿ ಬೇಡಿಕೊಳ್ಳುವವನ ಹಾಗೆ ಬೆನ್ನು ಬಗ್ಗಿಸಲಿಲ್ಲ.

"ಆನೆ ಸುದ್ದಿ ಇಲಾಖೆಗ ಸಾ," ಎಂದ. "ಇದು ನನ್ ಮಗಳ ಸುದ್ದಿ."

ಈಗ ನಾಗಶ್ರೀ ದಿನಾ ಸಂಜೆ ಬಸ್ಸಿಗೆ ಮನೆಗೆ ಬರುತ್ತಾಳೆ. ಊರಿನ ಹುಡುಗ ಹುಡುಗಿಯರು ಕೆಲಸದ ಪತ್ರ ಬರೆಯಲು ಗೋವಿಂದಣ್ಣನ ಜಗಲಿಗೇ ಬರುತ್ತಾರೆ. ಅವನು ಪೆನ್ನು ಮುಟ್ಟುವುದಿಲ್ಲ. "ನಿಂಗ್ ಏನ್ ಬತ್ತದ, ನೀನೇ ಬರಿ. ನಾ ಓದಿ ಎಲ್ಲಿ ಕಣ್ಣೀರು ಬಂದದ ಅಂತ ಏಳ್ತೀನಿ, ಅದ್ನ ಒಡ್ದಾಕು" ಎನ್ನುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ ಮಕ್ಕಳೇ, ಕೆಲಸಕ್ಕೆ ಪತ್ರ ಬರೆಯುವಾಗ ಯಾರ ಕಾಲಿಗೂ ಬೀಳಬೇಡಿ. ಅವರು ಏನು ಕೇಳಿದ್ದಾರೆ ಎಂದು ಮೊದಲು ಓದಿ. ಅದಕ್ಕೆ ನಿಮ್ಮ ಹತ್ತಿರ ಏನಿದೆಯೋ ಅದನ್ನು ಒಂದು ಪುಟದಲ್ಲಿ, ಮಾಡಿ ತೋರಿಸಿದ ಉದಾಹರಣೆಯ ಜೊತೆಗೆ, ನಿಮ್ಮದೇ ಮಾತಿನಲ್ಲಿ ಬರೆಯಿರಿ. ಇಲ್ಲದ್ದನ್ನು ಬರೆಯಬೇಡಿ, ಇದ್ದದ್ದನ್ನು ಮುಚ್ಚಿಡಬೇಡಿ. ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಬರೆಯಿರಿ, ಕಳುಹಿಸುವ ಮೊದಲು ಮನೆಯವರ ಮುಂದೆ ಗಟ್ಟಿಯಾಗಿ ಓದಿ. ಬರೆಯಲು ಏನೂ ಇಲ್ಲ ಅನಿಸಿದರೆ ಅವ್ವನನ್ನು ಕೇಳಿ, ಪಕ್ಕದ ಮನೆಯವಳನ್ನು ಕೇಳಿ.

ಅಪ್ಪ ಅವ್ವಂದಿರಿಗೆ ನನ್ನದು ಇನ್ನೊಂದು ಮಾತು. ಇವತ್ತು ಊಟಕ್ಕೆ ಕೂತಾಗ ನಿಮ್ಮ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು, "ನಿನಗೆ ಏನೇನು ಬರುತ್ತದೆ, ಹೇಳು ಮಗಾ" ಎಂದು ಕೇಳಿ. ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ.